ಒಂದು ಕ್ವೇಕರ್ ಹೊಲಿಗೆ ಸಂಚಿಯ ಒಡತಿಯನ್ನು ಹುಡುಕಿದ ಬಗೆ

ಬಿಚ್ಚಿ ಹಾಸಿದರೆ ಮೊಳಕ್ಕಿಂತ ತುಸು ಕಡಿಮೆ ಉದ್ದ ಮತ್ತು ಅಂಗೈಯಷ್ಟು ಅಗಲ. ಸುತ್ತಿ ಕಟ್ಟಿದರೆ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ಹೊರಮೈ ಬೂದು ಬಣ್ಣದ ರೇಷ್ಮೆಯದು. ಒಳಗೆ ಒಂದರ ಕೆಳಗೊಂದರಂತೆ ನಾಲ್ಕು ಜೇಬುಗಳಿದ್ದು, ಒಂದೊಂದಕ್ಕೂ ಬೇರೆ ಬೇರೆ ಅಚ್ಚಿನ ಹತ್ತಿ ಬಟ್ಟೆಯ ತುಂಡನ್ನು ಬಳಸಲಾಗಿದೆ. ಒಂದು ತುದಿಯಲ್ಲಿ ಸೂಜಿ ಚುಚ್ಚಿಡಲು ಬಿಳಿ ಫ್ಲಾನೆಲ್ ಉಣ್ಣೆಯ ಎರಡು ಎಲೆಗಳೂ ಇನ್ನೊಂದು ತುದಿಯಲ್ಲಿ ಸುತ್ತಿ ಕಟ್ಟಲು ಸವೆದುಹೋದ ರೇಷ್ಮೆ ಪಟ್ಟಿಯೂ ಇವೆ. ನಮ್ಮ ಕಡೆಯ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆ ಅಡಿಕೆ ಸಂಚಿಯನ್ನು ಕಂಡವರಿಗೆ ಇದರ ರಚನೆ ಕೂಡಲೇ ಅರ್ಥವಾಗುತ್ತದೆ. ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಇಂತಹ ಸಂಚಿಯನ್ನು ಹಸಿಫ್ ಎಂದು ಕರೆಯುತ್ತಿದ್ದರು. ಇದು ನನ್ನ ಕೈ ಸೇರಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಚೆಸ್ಟರ್ ಕೌಂಟಿಯಲ್ಲಿ, ಹಳೆಯ ತೋಟದ ಮನೆಯೊಂದನ್ನು ಖಾಲಿ ಮಾಡುವಾಗ ನಡೆದ ಮಾರಾಟದಲ್ಲಿ. ಇದನ್ನು ಹೊಲಿದು ಬಳಸಿದ ಹೆಣ್ಣುಮಗಳು ಯಾರೆಂದು ತಿಳಿಯಬೇಕೆಂಬ ಹಂಬಲ ಆಗ ಹುಟ್ಟಿತು. ಅದು ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತು, ಯಾವ ದಾಖಲೆ ಎಷ್ಟರ ಮಟ್ಟಿಗೆ ನೆರವಾಯಿತು ಎಂಬುದನ್ನು ಇಂಥದೇ ಹುಡುಕಾಟಕ್ಕೆ ಹೊರಡುವವರಿಗಾಗಿ ಬರೆಯುತ್ತಿದ್ದೇನೆ.

ಮಾರುವವರು ಅಂಟಿಸಿದ್ದ ಚೀಟಿಯಲ್ಲಿ ಇದು ಕ್ವೇಕರ್ ಮನೆತನದ ವಸ್ತುವೆಂದು ಬರೆದಿತ್ತು. ಕ್ವೇಕರರು ಎಂದರೆ 17ನೇ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮುಂತಾದವರಿಂದ ರೂಪುಗೊಂಡ, ತಮ್ಮನ್ನು ತಾವು ಸ್ನೇಹಿತರು ಎಂದು ಕರೆದುಕೊಳ್ಳುವ ಕ್ರೈಸ್ತ ಪಂಥದವರು. ಅವರಲ್ಲೊಬ್ಬರಾದ ವಿಲಿಯಂ ಪೆನ್ 1681ರಲ್ಲಿ ಇಂಗ್ಲೆಂಡಿನ ದೊರೆಯಿಂದ ಸನದು ಪಡೆದು ಸ್ಥಾಪಿಸಿದ ವಸಾಹತೇ ಪೆನ್ಸಿಲ್ವೇನಿಯಾ. ಸರಳ ಉಡುಪು ಅವರ ನೇಮವಾಗಿತ್ತು. ಬಟ್ಟೆ ಒಳ್ಳೆಯ ದರ್ಜೆಯದಿರಬಹುದು, ಆದರೆ ಕಣ್ಣು ಕುಕ್ಕಬಾರದು ಎಂಬ ಎಚ್ಚರದಿಂದ ಬೂದು, ಕಂದು, ಮಣ್ಣಿನ ಬಣ್ಣಗಳನ್ನು ಆರಿಸಿಕೊಳ್ಳುತ್ತಿದ್ದರು. ಈ ಕಾರಣಕ್ಕೇ ಇಂದಿನ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಬೂದು ರೇಷ್ಮೆಯ ಏನು ಸಿಕ್ಕಿದರೂ ಕ್ವೇಕರ್ ಎಂಬ ಹೆಸರು ಬಲು ಸುಲಭವಾಗಿ ಅಂಟಿಕೊಳ್ಳುತ್ತದೆ. ಬಣ್ಣವೊಂದೇ ಆಧಾರವಾಗಲಾರದು. ಆದ್ದರಿಂದ ಚೀಟಿಯ ಮಾತನ್ನು ಬದಿಗಿಟ್ಟು, ಸಂಚಿ ತಾನೇ ಏನು ಹೇಳುತ್ತದೆಂಬುದರಿಂದ ಆರಂಭಿಸಿದೆ.

ಮೊದಲು ಕಾಲನಿರ್ಣಯ. ಇಡೀ ಸಂಚಿ ಕೈಹೊಲಿಗೆಯದು. ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕಿನ ಸಣ್ಣ ಟಾರ್ಚು ಹಿಡಿದಾಗ ಯಾವ ದಾರವೂ ನೀಲಿಯಾಗಿ ಹೊಳೆಯಲಿಲ್ಲ. ಈಗಿನ ಬಟ್ಟೆ, ದಾರ, ಸೋಪಿನ ಪುಡಿಗಳಲ್ಲಿರುವ ಬಿಳುಪುಕಾರಕಗಳು ಆ ಬೆಳಕಿಗೆ ಹೊಳೆಯುತ್ತವೆಯಾದ್ದರಿಂದ, ಇತ್ತೀಚಿನ ರಿಪೇರಿಯಾಗಲಿ ಒಗೆತವಾಗಲಿ ಆಗಿಲ್ಲವೆಂಬುದಕ್ಕೆ ಇದೊಂದು ಸೂಚನೆ. ಫ್ಲಾನೆಲ್ ಎಲೆಗಳಲ್ಲಿ ತುಕ್ಕು ಹಿಡಿದ ಸೂಜಿಗಳ ಜೊತೆಗೆ ಕೆಲವು ಗುಂಡುಸೂಜಿಗಳಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳ ತಲೆ ಬೇರೊಂದು ತೆಳು ತಂತಿಯನ್ನು ಸುತ್ತಿ ಕೂರಿಸಿದ್ದು. ತಲೆ ಮತ್ತು ಮೈ ಒಂದೇ ಲೋಹದ ತುಂಡಾಗಿರುವ ಗುಂಡುಸೂಜಿ ಮಾಡುವ ಯಂತ್ರಕ್ಕೆ ಲೆಮ್ಯುಯೆಲ್ ರೈಟ್ 1824ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಮೇಲೆ, ತಂತಿ ಸುತ್ತಿದ ತಲೆಯವು ಕ್ರಮೇಣ ಬಳಕೆಯಿಂದ ಮರೆಯಾದವು. ಗುಂಡುಸೂಜಿಗಳು ಕೈಯಿಂದ ಕೈಗೆ ಸಾಗುವ ವಸ್ತುಗಳಾದ ಕಾರಣ ಇದನ್ನು ಪುರಾವೆಯೆನ್ನದೆ ಒತ್ತಾಸೆಯೆಂದಷ್ಟೇ ಎಣಿಸಿದೆ.

ಜೇಬುಗಳ ಬಟ್ಟೆಯ ವಿಷಯದಲ್ಲಿ ನನ್ನದೇ ಒಂದು ಆಸೆಯಿತ್ತು. ಅವುಗಳಲ್ಲಿ ಒಂದು ಕೆಂಪು ಹೂಬಳ್ಳಿಯ ಬಟ್ಟೆ, ಕೋರಮಂಡಲ ಕರಾವಳಿಯಿಂದ ಬಂದದ್ದಿರಬಹುದೇ ಎನ್ನಿಸುವಷ್ಟು ಪರಿಚಿತವಾಗಿ ಕಂಡಿತು. ಅಂತಹ ಸಾಧ್ಯತೆ ಆ ಕಾಲದಲ್ಲಿ ಇದ್ದೇ ಇತ್ತು. ಫಿಲಡೆಲ್ಫಿಯಾದಿಂದ ಹೊರಟ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು 1784ರ ಕೊನೆಯಲ್ಲಿ ಪುದುಚೇರಿ ತಲುಪಿದಾಗಿನಿಂದ ಫಿಲಡೆಲ್ಫಿಯಾಕ್ಕೂ ನಮ್ಮ ಪೂರ್ವ ಕರಾವಳಿಗೂ ನೇರ ವ್ಯಾಪಾರ ಬೆಳೆದಿತ್ತು. ಆದರೆ ಬಟ್ಟೆಯ ಮೇಲಿನ ಗೆರೆಗಳು ಕೂದಲಿನಷ್ಟು ಸಣ್ಣವಾಗಿ, ಒಂದೇ ಅಂತರದಲ್ಲಿ, ಮತ್ತೆ ಮತ್ತೆ ಬರುತ್ತಿದ್ದವು. ಕಲಂಕಾರಿಯ ಕೈಬರಹವಾಗಲಿ ಮರದ ಅಚ್ಚಾಗಲಿ ಹಾಗಿರುವುದಿಲ್ಲ. ಅದು ಕೊರೆದ ತಾಮ್ರದ ಉರುಳೆಯಿಂದ ಮೂಡಿದ ಅಚ್ಚು. ಆ ವಿಧಾನಕ್ಕೆ ಥಾಮಸ್ ಬೆಲ್ ಎಂಬ ಸ್ಕಾಟ್ಲೆಂಡಿನವನು ಪೇಟೆಂಟ್ ಪಡೆದದ್ದು 1783ರಲ್ಲಿ. ಹೀಗೆ ಬಟ್ಟೆಯು ಆರಂಭದ ಅಂಚನ್ನೂ, ಗುಂಡುಸೂಜಿಗಳು ಕೊನೆಯ ಅಂಚನ್ನೂ ಗುರುತಿಸಿಕೊಟ್ಟವು. ಸುಮಾರು 1790ರಿಂದ 1840ರ ನಡುವಿನ ವಸ್ತುವೆಂದು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಸಂಚಿಯ ಒಳಬದಿಯ ಮೇಲ್ತುದಿಯಲ್ಲಿ ಕಂದು ರೇಷ್ಮೆ ದಾರದಿಂದ ಎರಡು ಅಕ್ಷರಗಳನ್ನು ಕ್ರಾಸ್ ಸ್ಟಿಚ್‌ನಲ್ಲಿ ಹಾಕಲಾಗಿತ್ತು: ಆರ್ ಮತ್ತು ಐ. ಧಾರವಾಡದಲ್ಲಿ ಕಸೂತಿ ಕಲಿತವಳಾದ್ದರಿಂದ ನನ್ನ ಕಣ್ಣು ತಾನಾಗಿ ಹಿಂಬದಿಗೆ ಹೋಯಿತು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಹಿಂದು ಮುಂದು ಒಂದೇ ಆಗಿರಬೇಕೆಂದು ನಮಗೆ ಕಲಿಸುತ್ತಾರೆ. ಮೆಂತೆ ಹೊಲಿಗೆಯಲ್ಲಿ, ಅಂದರೆ ಕ್ರಾಸ್ ಸ್ಟಿಚ್‌ನಲ್ಲಿ, ಹಾಗೆ ಮಾಡುವುದು ಬಲು ಕಷ್ಟ. ಬಟ್ಟೆಯಂಚಿನ ಹೊಲಿಗೆ ಬಿಟ್ಟುಹೋಗಿದ್ದ ಕಡೆಯಿಂದ ಒಳಗೆ ಇಣುಕಿ ನೋಡಿದರೆ ಈ ಅಕ್ಷರಗಳು ಹಿಂಬದಿಯಲ್ಲೂ ಅಷ್ಟೇ ಅಚ್ಚುಕಟ್ಟಾಗಿದ್ದವು. ಒಂದು ಗಂಟೂ ಇರಲಿಲ್ಲ. ಮನೆಯ ಹೊದಿಕೆ, ಟವೆಲು, ಒಳಉಡುಪುಗಳಿಗೆ ಗುರುತು ಹಾಕಲು ಆ ಕಾಲದ ಹುಡುಗಿಯರಿಗೆ ಈ ಎರಡು ಬದಿಯ ಹೊಲಿಗೆಯನ್ನು ಕಲಿಸುತ್ತಿದ್ದರು. ಶ್ರದ್ಧೆಯಿಂದ ಕಲಿಸಿದ ಒಬ್ಬ ಗುರು ಈ ಕೈಯ ಹಿಂದೆ ಇದ್ದಳು ಎಂಬುದು ನನಗೆ ಅಲ್ಲಿಯೇ ಮನವರಿಕೆಯಾಯಿತು.

ಇನ್ನೊಂದು ಅಂಶವನ್ನು ಇಲ್ಲಿ ಹೇಳಲೇಬೇಕು. ಹಳೆಯ ಹೊಲಿಗೆ ಮಾದರಿಗಳ ಅಕ್ಷರಮಾಲೆಯಲ್ಲಿ ಜೆ ಅಕ್ಷರ ಎಷ್ಟೋ ಸಲ ಇರುವುದೇ ಇಲ್ಲ. ಅದರ ಕೆಲಸವನ್ನೂ ಐ ಅಕ್ಷರವೇ ಮಾಡುತ್ತದೆ. ಆದ್ದರಿಂದ ಮನೆತನದ ಹೆಸರು ಐ ಇಂದಲೂ ಆರಂಭವಾಗಬಹುದು, ಜೆ ಇಂದಲೂ ಆರಂಭವಾಗಬಹುದು. ಚೆಸ್ಟರ್ ಕೌಂಟಿಯ ಹಳೆಯ ಕ್ವೇಕರ್ ಮನೆತನಗಳಲ್ಲಿ ಜಾಕ್ಸನ್, ಜೇಮ್ಸ್, ಜೆಫ್ರಿಸ್, ಜೋನ್ಸ್ ಮುಂತಾದವು ಹೇರಳವಾಗಿವೆ. ಈ ಒಂದು ಸಂಗತಿಯನ್ನು ಅರಿಯದೆ ಹುಡುಕುವವರು ಸರಿಯಾದ ಪುಟವನ್ನು ತೆರೆಯದೆಯೇ ಉಳಿದುಬಿಡುವ ಸಾಧ್ಯತೆ ಹೆಚ್ಚು.

ಕಟ್ಟುವ ಪಟ್ಟಿಯ ಬುಡದಲ್ಲಿ, ಮಡಿಕೆಯ ಒಳಗೆ, ಮಾಸಿದ ಶಾಯಿಯಲ್ಲಿ ಬೇರೆರಡು ಅಕ್ಷರಗಳಿದ್ದವು: ಆರ್ ಮತ್ತು ಪಿ. ಮೊದಲಕ್ಷರ ಒಂದೇ, ಎರಡನೆಯದು ಬೇರೆ. ಮಗಳಿಗೋ ಸೊಸೆಗೋ ಹೋದದ್ದೂ ಇರಬಹುದು; ಆದರೆ ಎಲ್ಲಕ್ಕಿಂತ ಸಹಜವಾದ ಅರ್ಥವೆಂದರೆ, ಹುಡುಗಿಯಾಗಿದ್ದಾಗ ಹೊಲಿದ ಸಂಚಿಗೆ ಮದುವೆಯ ನಂತರ ಹೊಸ ಹೆಸರಿನ ಗುರುತು ಬಿತ್ತು ಎಂಬುದು. ಒಂದು ಜೋಡಿ ಅಕ್ಷರಕ್ಕೆ ಹೊಂದುವವರು ನೂರಾರು ಮಂದಿ ಸಿಕ್ಕಾರು, ಎರಡು ಜೋಡಿಗೂ ಹೊಂದುವವರು ತೀರಾ ವಿರಳ.

ಮೂರನೆಯ ಸುಳಿವು ದಾರದ ಒಳಗಿತ್ತು. ಕೊನೆಯ ಜೇಬಿನಲ್ಲಿ, ಮಡಚಿದ ಕಾಗದದ ತುಂಡಿಗೆ ಸುತ್ತಿದ ಲಿನನ್ ದಾರವಿತ್ತು. ಆಗ ಕಾಗದ ದುಬಾರಿಯಾದ್ದರಿಂದ ಓದಿ ಮುಗಿದ ಪತ್ರಗಳು ಹೀಗೆ ಬಳಕೆಯಾಗುತ್ತಿದ್ದವು. ಅದನ್ನು ನಾನೇ ಬಿಚ್ಚುವ ಧೈರ್ಯ ಮಾಡದೆ, ಹಳೆಯ ಕಾಗದ ಮತ್ತು ಬಟ್ಟೆಗಳ ಸಂರಕ್ಷಣೆಯಲ್ಲಿ ತರಬೇತಿ ಪಡೆದ ಒಬ್ಬರ ಬಳಿಗೆ ಒಯ್ದೆ. ಅವರು ದಾರವನ್ನು ಬಿಚ್ಚಿ ಇನ್ನೊಂದು ಹಲಗೆಗೆ ಸುತ್ತಿ, ಕಾಗದಕ್ಕೆ ಹದವಾಗಿ ತೇವ ಕೊಟ್ಟು, ಮಡಿಕೆ ಬಿಡಿಸಿದರು. ಪತ್ರದ ವಿಷಯ ಉಳಿದಿರಲಿಲ್ಲ. ಉಳಿದದ್ದು ಮೇಲಿನ ಮೂಲೆ ಮಾತ್ರ. ಅಲ್ಲಿ ಎಂಟನೇ ತಿಂಗಳು ಎಂಬ ಬರಹವೂ, ವೆಸ್ಟ್‌ಟೌನ್ ಎಂಬ ಸ್ಥಳದ ಹೆಸರೂ ಇದ್ದವು. ತಿಂಗಳು ಮತ್ತು ವಾರಗಳ ಹೆಸರುಗಳು ಪ್ರಾಚೀನ ದೇವತೆಗಳಿಂದ ಬಂದವೆಂಬ ಕಾರಣಕ್ಕೆ ಕ್ವೇಕರರು ಅವನ್ನು ಬಿಟ್ಟು ಸಂಖ್ಯೆಯಿಂದ ಎಣಿಸುತ್ತಿದ್ದರು. ಭಾನುವಾರ ಅವರಿಗೆ ಮೊದಲ ದಿನ. 1752ರಲ್ಲಿ ಬ್ರಿಟನ್ ಮತ್ತು ಅದರ ವಸಾಹತುಗಳು ಪಂಚಾಂಗ ಬದಲಿಸುವ ಮೊದಲು ಅವರ ಮೊದಲ ತಿಂಗಳು ಮಾರ್ಚ್ ಆಗಿತ್ತು, ಆಮೇಲೆ ಜನವರಿಯಾಯಿತು. ಹಳೆಯ ದಾಖಲೆ ಓದುವವರು ಇದನ್ನು ನೆನಪಿನಲ್ಲಿಡಬೇಕು. ನಮ್ಮ ಕಾಗದ ಅದಕ್ಕಿಂತ ಎಷ್ಟೋ ಈಚಿನದಾದ್ದರಿಂದ ಎಂಟನೇ ತಿಂಗಳೆಂದರೆ ಆಗಸ್ಟ್. ಬೂದು ರೇಷ್ಮೆ ಹೇಳಲಾಗದಿದ್ದುದನ್ನು ಈ ಮೂಲೆ ಹೇಳಿತು: ಸಂಚಿ ಕ್ವೇಕರ್ ಮನೆಯಲ್ಲಿ ಬಳಕೆಯಲ್ಲಿತ್ತು.

ವೆಸ್ಟ್‌ಟೌನ್ ಎಂಬುದು ಚೆಸ್ಟರ್ ಕೌಂಟಿಯಲ್ಲಿ ಫಿಲಡೆಲ್ಫಿಯಾದ ಕ್ವೇಕರರು 1799ರಲ್ಲಿ ತೆರೆದ ವಸತಿ ಶಾಲೆ, ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ 1779ರಲ್ಲಿ ಆರಂಭವಾದ ಆಕ್ವರ್ತ್ ಶಾಲೆ ಅದಕ್ಕೆ ಮಾದರಿ. ಹುಡುಗಿಯರಿಗೆ ಓದು, ಬರಹ, ಗಣಿತ, ಭೂಗೋಳದ ಜೊತೆಗೆ ಹೊಲಿಗೆಯೂ ಪಾಠವಾಗಿತ್ತು. ಹರಿದ ಬಟ್ಟೆಯ ನೇಯ್ಗೆಯನ್ನೇ ಸೂಜಿಯಿಂದ ಮರಳಿ ಕಟ್ಟುವ ರಫೂ ಮಾದರಿಗಳು, ಅಲಂಕಾರವಿಲ್ಲದ ಅಕ್ಷರಮಾಲೆಗಳು, ಅರೆವೃತ್ತದ ಹೂಮಾಲೆಯ ವಿನ್ಯಾಸಗಳು ಆ ಶಾಲೆಯ ಹೆಸರನ್ನು ಉಳಿಸಿವೆ. ಅವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿನ ಹುಡುಗಿಯರು ರೇಷ್ಮೆ ಬಟ್ಟೆಯನ್ನು ಚೆಂಡಿನಂತೆ ಹೊಲಿದು, ಅದರ ಮೇಲೆ ಅಕ್ಷಾಂಶ ರೇಖಾಂಶಗಳನ್ನೂ ಖಂಡಗಳ ಅಂಚುಗಳನ್ನೂ ದಾರದಿಂದ ಮೂಡಿಸಿ ತಯಾರಿಸಿದ ಭೂಗೋಳಗಳು. ಸೂಜಿಯನ್ನೂ ವಿದ್ಯೆಯನ್ನೂ ಬೇರೆ ಮಾಡದ ಆ ಶಿಕ್ಷಣವನ್ನು ನಾನು ತುಂಬು ಮನಸ್ಸಿನಿಂದ ಗೌರವಿಸುತ್ತೇನೆ. ನನ್ನ ಕೆಲಸಕ್ಕೆ ಬೇಕಾಗಿದ್ದುದು ಇನ್ನೂ ಸರಳವಾದ ಸಂಗತಿ: ಆರಂಭದಿಂದ ಅಲ್ಲಿ ಕಲಿತವರ ಪಟ್ಟಿ ಮುದ್ರಣವಾಗಿದೆ, ಮತ್ತು ಆ ದಿನಗಳಲ್ಲಿ ಶಾಲೆಗೆ ಸೇರುತ್ತಿದ್ದವರು ಕ್ವೇಕರ್ ಸದಸ್ಯರ ಮಕ್ಕಳು. ಅಂದರೆ ಪಟ್ಟಿಯ ಪ್ರತಿ ಹುಡುಗಿಯ ಹಿಂದೆಯೂ ಒಂದು ಊರಿನ ಸಭೆ, ಆ ಸಭೆಯ ದಾಖಲೆ ಪುಸ್ತಕ ಇದ್ದೇ ಇರುತ್ತದೆ.

ಈ ದಾಖಲೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹುಡುಕಾಟ ಫಲಿಸಿದ್ದು ಅವುಗಳಿಂದ. ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಹೆಣ್ಣಿನ ಹೆಸರು ಸಿಗುವುದು ಅಪರೂಪ. ಅಮೆರಿಕದ ಜನಗಣತಿಯಲ್ಲಿ 1840ರವರೆಗೆ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದು ಉಳಿದವರನ್ನು ವಯಸ್ಸಿನ ಗುಂಪಿಗೆ ತಕ್ಕಂತೆ ಎಣಿಸುತ್ತಿದ್ದರು. ಮನೆಯ ಎಲ್ಲ ಸ್ವತಂತ್ರ ಸದಸ್ಯರ ಹೆಸರುಗಳು ಬಂದದ್ದು 1850ರಲ್ಲಿ. ಪೆನ್ಸಿಲ್ವೇನಿಯಾದಲ್ಲಿ ವಿವಾಹಿತೆಗೆ ತನ್ನ ಆಸ್ತಿಯ ಮೇಲೆ ಹಕ್ಕು ಕೊಡುವ ಕಾನೂನು ಬಂದದ್ದು 1848ರಲ್ಲಿ. ಅದಕ್ಕೆ ಮುಂಚೆ ಗಂಡ ಬದುಕಿರುವಾಗ ಹೆಂಡತಿ ಉಯಿಲು ಬರೆಯುವ ಸಂದರ್ಭವೇ ವಿರಳ. ಕ್ವೇಕರರ ವ್ಯವಸ್ಥೆ ಬೇರೆ ಬಗೆಯದಾಗಿತ್ತು. ಸುತ್ತಲಿನ ಊರುಗಳ ಸದಸ್ಯರು ತಿಂಗಳಿಗೊಮ್ಮೆ ಸೇರಿ ವ್ಯವಹಾರ ನೋಡುವ ಮಾಸಿಕ ಸಭೆಯೇ ಅವರ ಮೂಲ ಘಟಕ. ಜನನ, ಮರಣ, ಮದುವೆ, ಊರು ಬದಲಿಸುವವರಿಗೆ ಕೊಡುವ ಪತ್ರ, ಶಿಸ್ತು ಮೀರಿದವರ ವಿಚಾರಣೆ ಎಲ್ಲವೂ ಅಲ್ಲಿ ಬರಹಕ್ಕೆ ಇಳಿಯುತ್ತಿದ್ದವು. ಹೆಂಗಸರು ಪ್ರತ್ಯೇಕವಾಗಿ ಸಭೆ ಸೇರುತ್ತಿದ್ದರು. ಅವರದೇ ಬರವಣಿಗೆಗಾರ್ತಿ, ಅವರದೇ ನಡವಳಿ ಪುಸ್ತಕ.

ಈ ಪುಸ್ತಕಗಳು ಬಹುಮಟ್ಟಿಗೆ ಫಿಲಡೆಲ್ಫಿಯಾದ ಬಳಿಯ ಎರಡು ಕಾಲೇಜುಗಳಲ್ಲಿವೆ. 1827ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು, ಎಲಿಯಾಸ್ ಹಿಕ್ಸ್ ಎಂಬ ಬೋಧಕರ ಕಡೆಯ ಹಿಕ್ಸೈಟ್ ಮತ್ತು ಅವರನ್ನು ಒಪ್ಪದ ಆರ್ಥೊಡಾಕ್ಸ್ ಎಂದು ಎರಡಾಗಿ ಒಡೆದು, 1955ರಲ್ಲಿ ಮತ್ತೆ ಒಂದಾದರು. ಆ ಒಡಕಿನ ನೆರಳು ದಾಖಲೆಗಳ ಮೇಲೂ ಬಿದ್ದಿದೆ: ಸ್ವಾರ್ತ್‌ಮೋರ್ ಕಾಲೇಜಿನ ಫ್ರೆಂಡ್ಸ್ ಹಿಸ್ಟಾರಿಕಲ್ ಲೈಬ್ರರಿಯಲ್ಲಿ ಹಿಕ್ಸೈಟರ ಕಡೆಯವು, ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಆರ್ಥೊಡಾಕ್ಸ್ ಕಡೆಯವು ಹೆಚ್ಚು. ಅನೇಕ ಪುಸ್ತಕಗಳ ಚಿತ್ರಪ್ರತಿಗಳು ವಂಶಾವಳಿ ಹುಡುಕುವವರು ಬಳಸುವ ಆನ್ಸೆಸ್ಟ್ರಿ ಜಾಲತಾಣದಲ್ಲೂ ಸಿಗುತ್ತವೆ. ಮೆಟ್ರೊಪಾಲಿಟನ್ ಆಪೆರಾದ ಗಾಯಕರಾಗಿದ್ದ ವಿಲಿಯಂ ವೇಡ್ ಹಿನ್‌ಶಾ ಅವರು ಮುಂದೆ ಕ್ವೇಕರ್ ವಂಶಾವಳಿಗಳ ಕೆಲಸ ಕೈಗೊಂಡು, 1936ರಿಂದ ಹೊರತಂದ ಸಂಪುಟಗಳು ಈ ಕ್ಷೇತ್ರದ ಆಧಾರಸ್ತಂಭ. ಆದರೆ ಪೆನ್ಸಿಲ್ವೇನಿಯಾದ ಮಟ್ಟಿಗೆ ಅವರ ಎರಡನೇ ಸಂಪುಟ ಫಿಲಡೆಲ್ಫಿಯಾ ಮತ್ತು ಫಾಲ್ಸ್ ಸಭೆಗಳನ್ನಷ್ಟೇ ಒಳಗೊಂಡಿರುವುದರಿಂದ ನಾನು ಮೂಲ ಪುಸ್ತಕಗಳಿಗೇ ಹೋಗಬೇಕಾಯಿತು.

ಶಾಲೆಯ ಪಟ್ಟಿಯಿಂದ ಆರ್ ಅಕ್ಷರದ ಹೆಸರುಳ್ಳ, ಐ ಅಥವಾ ಜೆ ಮನೆತನದ ಹುಡುಗಿಯರನ್ನು ಆರಿಸಿದೆ. ರೇಚಲ್, ರೆಬೆಕಾ, ರೂತ್ ಎಂಬ ಹೆಸರುಗಳು ಕ್ವೇಕರರಲ್ಲಿ ಅತಿ ಸಾಮಾನ್ಯವಾಗಿದ್ದರೂ, ಕಾಲದ ಮಿತಿ ಹಾಕಿದಾಗ ಉಳಿದವರು ಬೆರಳೆಣಿಕೆಯಷ್ಟು. ಒಬ್ಬೊಬ್ಬರ ಊರಿನ ಸಭೆಯ ಮದುವೆ ಪುಸ್ತಕ ತೆರೆದು, ಪಿ ಅಕ್ಷರದ ಮನೆತನದ ವರನನ್ನು ಹುಡುಕಿದೆ. ಕ್ವೇಕರ್ ಮದುವೆಯಲ್ಲಿ ಪಾದ್ರಿಯಿಲ್ಲ. ವಧೂವರರು ಸಭೆಯ ನಡುವೆ ಎದ್ದು ನಿಂತು ತಾವೇ ಪ್ರತಿಜ್ಞೆ ಹೇಳುತ್ತಾರೆ, ಅಲ್ಲಿದ್ದವರೆಲ್ಲ ಪ್ರಮಾಣಪತ್ರಕ್ಕೆ ಸಾಕ್ಷಿಯಾಗಿ ಸಹಿ ಮಾಡುತ್ತಾರೆ, ಆ ಪತ್ರವನ್ನು ಹೆಸರುಗಳ ಸಮೇತ ಪುಸ್ತಕಕ್ಕೆ ಪ್ರತಿ ಮಾಡಿಕೊಳ್ಳುತ್ತಾರೆ. ಓದಲು ಇದಕ್ಕಿಂತ ಸೊಗಸಾದ ದಾಖಲೆ ಇಲ್ಲ. ಆದರೆ ನನಗೆ ಬೇಕಾದ ಜೋಡಿ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಗ ಉಳಿದ ಸಾಧ್ಯತೆ ಒಂದು: ಆಕೆ ಪಂಥದ ಹೊರಗಿನವನನ್ನು ಮದುವೆಯಾಗಿರಬೇಕು. ಹಾಗಾದರೆ ಮದುವೆ ಪುಸ್ತಕದಲ್ಲಿ ಹೆಸರು ಬರುವುದಿಲ್ಲ. ಶಿಸ್ತು ಮೀರಿದ ಪ್ರಕರಣವಾಗಿ ಹೆಂಗಸರ ಸಭೆಯ ನಡವಳಿಯಲ್ಲಿ ಬರುತ್ತದೆ. ನಡವಳಿಗಳಿಗೆ ಸೂಚಿ ಇರುವುದು ಕಡಿಮೆ. ಜಾಲತಾಣದ ಹೆಸರುಸೂಚಿಯು ಹಳೆಯ ಕೈಬರಹದ ಐ ಮತ್ತು ಜೆಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತದೆಯಾದ್ದರಿಂದ ಅದನ್ನೂ ನಂಬುವಂತಿರಲಿಲ್ಲ. ಪುಟ ಪುಟವಾಗಿ ಓದುವುದೇ ದಾರಿ. ಬಡವರಿಗೆ ಕಟ್ಟಿಗೆ ಒದಗಿಸಿದ್ದು, ಸಭಾಗೃಹ ಗುಡಿಸುವವಳಿಗೆ ಸಂಬಳ ಕೊಟ್ಟದ್ದು, ಊರು ಬಿಟ್ಟು ಪಶ್ಚಿಮಕ್ಕೆ ಹೊರಟ ಸಂಸಾರಗಳಿಗೆ ಪತ್ರ ಬರೆಯಲು ಇಬ್ಬರನ್ನು ನೇಮಿಸಿದ್ದು ಮುಂತಾದ ಸಾಲುಗಳ ನಡುವೆ, ಒಂದು ಮಾಸಿಕ ಸಭೆಯ 1820ರ ದಶಕದ ಪುಸ್ತಕದಲ್ಲಿ ಆಕೆ ಸಿಕ್ಕಳು.

ನಡವಳಿಯ ಸಾಲು ಆಕೆಯ ಗಂಡನ ಮನೆತನದ ಹೆಸರನ್ನು ಹೇಳಿ, ಬೆನ್ನಿಗೇ ಆಕೆ ಮೊದಲು ಯಾವ ಮನೆತನದವಳಾಗಿದ್ದಳೆಂಬುದನ್ನೂ ಹೇಳುತ್ತದೆ. ಸದಸ್ಯನಲ್ಲದವನನ್ನು, ಸಂಬಳ ಪಡೆಯುವ ಪಾದ್ರಿಯ ಮುಂದೆ, ಮದುವೆಯಾದಳೆಂಬ ದೂರು ಅದು. ನನ್ನ ಸಂಚಿಯ ಎರಡು ಜೋಡಿ ಅಕ್ಷರಗಳೂ ಒಂದೇ ಸಾಲಿನಲ್ಲಿದ್ದವು. ಸಭೆ ಇಬ್ಬರು ಹೆಂಗಸರನ್ನು ಆಕೆಯ ಮನೆಗೆ ಕಳಿಸಿತು. ಅವರು ಹೋಗಿ ಬಂದು ವರದಿ ಮಾಡಿದರು, ಮತ್ತೆ ಹೋದರು. ಕೊನೆಗೆ ಆಕೆ ತಪ್ಪೊಪ್ಪಿಗೆ ಪತ್ರ ಬರೆದುಕೊಟ್ಟಳು. ನಿಯಮ ಮೀರಿದ್ದಕ್ಕೆ ವಿಷಾದಿಸಿದ ಆ ಪತ್ರದಲ್ಲಿ ಮದುವೆಯ ಬಗ್ಗೆಯಾಗಲಿ ಗಂಡನ ಬಗ್ಗೆಯಾಗಲಿ ಒಂದು ಕೆಟ್ಟ ಮಾತೂ ಇಲ್ಲ. ಸಭೆ ಅದನ್ನು ಒಪ್ಪಿ ಆಕೆಯನ್ನು ಸದಸ್ಯಳಾಗಿ ಉಳಿಸಿಕೊಂಡಿತು. ನಿಯಮ ಪಾಲಿಸಿ ಮದುವೆಯಾಗಿದ್ದರೆ ಆಕೆಯ ಹೆಸರು ಸಹಿಗಳ ನಡುವೆ ಗೌರವದಿಂದ ನಿಲ್ಲುತ್ತಿತ್ತು. ಆದರೆ ಆಕೆ ಸ್ವಂತ ಮಾತಿನಲ್ಲಿ ಬರೆದ ಪುಟ ಉಳಿದದ್ದು ಈ ವಿಚಾರಣೆಯಿಂದ. ಅದನ್ನು ಓದುವಾಗ ನನಗಾದ ಸಂತೋಷವನ್ನು ಮರೆಮಾಚುವುದಿಲ್ಲ.

ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಲು ಬರುವುದಿಲ್ಲ. ಪಟ್ಟಿಯಲ್ಲಿದ್ದ ಉಳಿದ ಹುಡುಗಿಯರ ಬದುಕನ್ನೂ ಹಿಂಬಾಲಿಸಿ, ಯಾರೂ ಪಿ ಮನೆತನಕ್ಕೆ ಸೇರಿಲ್ಲವೆಂದು ಖಚಿತಪಡಿಸಿಕೊಂಡೆ. ಜನನ ಪುಸ್ತಕದ ಇಸವಿ 1850ರ ಜನಗಣತಿಯಲ್ಲಿ ಆಕೆಯ ಹೆಸರಿನ ಮುಂದಿನ ವಯಸ್ಸಿಗೆ ಹೊಂದಿತು. ವೆಸ್ಟ್ ಚೆಸ್ಟರಿನ ಕೌಂಟಿ ದಾಖಲೆ ಸಂಗ್ರಹಾಲಯದಲ್ಲಿ ಗಂಡನ ಉಯಿಲು ಸಿಕ್ಕಿತು. ಅದರಲ್ಲಿ ಹೆಸರಿಸಿದ ಮಕ್ಕಳಲ್ಲಿ ಒಬ್ಬ ಮಗಳ ಮದುವೆಯ ಮನೆತನವೇ, ನಾನು ಸಂಚಿ ಕೊಂಡ ತೋಟದ ಮನೆಯ ಹಳೆಯ ಕ್ರಯಪತ್ರದಲ್ಲೂ ಇತ್ತು. ವಸ್ತು ತಾಯಿಯಿಂದ ಮಗಳ ಮನೆಗೆ ಹೋದ ದಾರಿ ಅದು. ತಂದೆ ಸದಸ್ಯನಲ್ಲದ ಕಾರಣ ಮಕ್ಕಳ ಜನನ ಕ್ವೇಕರ್ ಪುಸ್ತಕದಲ್ಲಿ ದಾಖಲಾಗಿರಲಿಲ್ಲ. ಉಯಿಲು ಇಲ್ಲದಿದ್ದರೆ ಈ ಕೊಂಡಿ ಕೈಗೆ ಬರುತ್ತಿರಲಿಲ್ಲ. ಕ್ವೇಕರರು ಬಹುಕಾಲ ಸಮಾಧಿಗೆ ಹೆಸರಿನ ಕಲ್ಲು ನೆಡುತ್ತಿರಲಿಲ್ಲವಾದ್ದರಿಂದ, ಸಮಾಧಿ ಭೂಮಿಯಲ್ಲಿ ಅಲೆಯುವ ಬದಲು ಹೂಳಿದವರ ಪುಸ್ತಕದಲ್ಲಿ ಆಕೆಯ ಸಾಲನ್ನು ಓದಿದೆ.

ಕೊನೆಗೆ ವಂಶಸ್ಥರನ್ನು ಸಂಪರ್ಕಿಸಿದೆ. ಅವರ ಮನೆಯಲ್ಲಿ ವೆಸ್ಟ್‌ಟೌನ್‌ನಲ್ಲಿ ಹೊಲಿದ ಒಂದು ಅಕ್ಷರಮಾಲೆಯ ಮಾದರಿ ಇತ್ತು. ಅಕ್ಷರಗಳ ಅಳತೆ, ಆಕಾರ ಸಂಚಿಯವುಗಳಿಗೆ ಹೊಂದುತ್ತವೆ, ಜೆ ಅಕ್ಷರ ಅಲ್ಲೂ ಇಲ್ಲ. ಒಂದೇ ಶಾಲೆಯಲ್ಲಿ ಕಲಿತವರೆಲ್ಲ ಒಂದೇ ಬಗೆಯ ಅಕ್ಷರ ಹಾಕುತ್ತಿದ್ದರೆಂಬುದರಿಂದ ಅದಕ್ಕೆ ನಾನು ಹೆಚ್ಚಿನ ತೂಕ ಕೊಡಲಿಲ್ಲ. ನನ್ನ ತೀರ್ಮಾನ ನಿಂತಿರುವುದು ಎರಡು ಜೋಡಿ ಅಕ್ಷರ, ನಡವಳಿಯ ಸಾಲು, ಉಯಿಲು ಮತ್ತು ಕ್ರಯಪತ್ರ, ಇವು ಒಂದಕ್ಕೊಂದು ಕೂಡಿಕೊಂಡಿರುವುದರ ಮೇಲೆ. ಆಕೆಯ ಪೂರ್ಣ ಹೆಸರನ್ನು ಬಹಿರಂಗವಾಗಿ ಬರೆಯಬಾರದೆಂದು ಕುಟುಂಬದವರು ಕೇಳಿಕೊಂಡಿದ್ದರಿಂದ ಇಲ್ಲಿ ಅಕ್ಷರಗಳಷ್ಟೇ ಇವೆ.

ಸಂಚಿಯನ್ನು ಅವರಿಗೆ ಒಪ್ಪಿಸಿದೆ. ಅವರು ಅದನ್ನು ಸ್ಥಳೀಯ ಸಂಗ್ರಹವೊಂದಕ್ಕೆ ಕೊಟ್ಟರು. ಈಗ ಅದು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಹಾಸಿಕೊಂಡಿದೆ. ತುಕ್ಕು ಉಣ್ಣೆಯನ್ನು ತಿನ್ನದಿರಲೆಂದು ಸೂಜಿ ಮತ್ತು ಗುಂಡುಸೂಜಿಗಳನ್ನು ತೆಗೆದು, ಯಾವುದು ಎಲ್ಲಿತ್ತೆಂಬ ನಕ್ಷೆ ಬರೆದು, ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಸೂಚಿಪತ್ರಕ್ಕೆ ವಿವರ ಬರೆಯುವಾಗ ನಾನು ಕೇಳಿಕೊಂಡದ್ದು ಒಂದೇ: ಆಕೆಯ ತವರಿನ ಹೆಸರಿನಡಿಯಲ್ಲಿ ಒಂದು, ಗಂಡನ ಮನೆಯ ಹೆಸರಿನಡಿಯಲ್ಲಿ ಇನ್ನೊಂದು ನಮೂದು ಇರಬೇಕು, ಮತ್ತು ತವರಿನ ಹೆಸರು ಐ ಅಕ್ಷರದಲ್ಲೂ ಜೆ ಅಕ್ಷರದಲ್ಲೂ ಹುಡುಕಿದರೆ ಸಿಗಬೇಕು. ಮೂರು ನಮೂದುಗಳನ್ನೂ ಸಿದ್ಧಪಡಿಸಿದ್ದಾರೆ.